ನೀರು ತುಂಬಿದ ಕಾರ್ಬನ್ ನ್ಯಾನೊಕೊಳವೆಗೆ ವಿದ್ಯುತ್ ಕ್ಷೇತ್ರ ಕೊಟ್ಟರೆ: ಮನೆಯ ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವ ಬಗೆ

ಹೂಮಳೆ ಕೈಕೊಟ್ಟ ವರ್ಷ ಕಾಫಿ ತೋಟದಲ್ಲಿ ಪೈಪು ಎಳೆದವರಿಗೆ ಒಂದು ವಿಷಯ ಯಾರೂ ಹೇಳಿಕೊಡದೆ ಕೈಗೇ ಗೊತ್ತಿರುತ್ತದೆ. ಖಾಲಿ ಹೋಸ್ ಪೈಪನ್ನು ಬಗ್ಗಿಸಿದರೆ ಒಂದು ಕಡೆ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ನೀರು ತುಂಬಿ ಎರಡೂ ಬಾಯಿ ಕಟ್ಟಿದ್ದರೆ ಅಷ್ಟು ಸುಲಭಕ್ಕೆ ಮಡಚುವುದಿಲ್ಲ. ಉದ್ದಕ್ಕೆ ಎಳೆದರೆ ಮಾತ್ರ ನೀರಿದ್ದರೂ ಇಲ್ಲದಿದ್ದರೂ ವ್ಯತ್ಯಾಸವಿಲ್ಲ, ರಬ್ಬರೇ ತಡೆಯಬೇಕು. ಒಂದು ನ್ಯಾನೊಮೀಟರ್ ಅಗಲದ ಕಾರ್ಬನ್ ಕೊಳವೆಯಲ್ಲೂ ಕಥೆ ಬಹುಮಟ್ಟಿಗೆ ಇದೇ. ಒಳಗಿನ ನೀರಿಗೆ ವಿದ್ಯುತ್ ಕ್ಷೇತ್ರ ಕೊಟ್ಟಾಗ ಏನಾಗುತ್ತದೆ ಎಂಬುದೇ ಇಲ್ಲಿ ಹೊಸದು.

ಪೊನ್ನಂಪೇಟೆ, ಕುಶಾಲನಗರ, ಮಡಿಕೇರಿ ಕಡೆ ಬಿಇ ಅಥವಾ ಎಂಎಸ್ಸಿ ಪ್ರಾಜೆಕ್ಟಿಗೆ ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್ ಇದೆ, ಸರಿ. ಆದರೆ ನಮ್ಮದು ಪ್ರತಿ ಪರಮಾಣುವಿನ ಮೇಲಿನ ಬಲ ಲೆಕ್ಕ ಹಾಕಿ ಅದನ್ನು ಹೆಜ್ಜೆಹೆಜ್ಜೆಯಾಗಿ ಸರಿಸುವ ಕೆಲಸ (ಮಾಲಿಕ್ಯುಲರ್ ಡೈನಾಮಿಕ್ಸ್; ಒಂದೊಂದು ಬಾರಿಯ ಲೆಕ್ಕವನ್ನು ಓಟ ಎನ್ನೋಣ). ನೀರು ತುಂಬಿಸುವ ಒಂದು ಓಟ ಬಿಟ್ಟರೆ ಒಟ್ಟು ಪರಮಾಣುಗಳು ಎರಡು ಸಾವಿರ ದಾಟುವುದಿಲ್ಲ. ನಾಲ್ಕು ಕೋರಿನ ಲ್ಯಾಪ್‌ಟಾಪ್ ಸಾಕು.

ಮೊದಲು ಕಾಗದದ ಮೇಲೆ

ಯಾವ ಫೈಲೂ ತೆರೆಯುವ ಮುಂಚೆ ಎರಡು ಲೆಕ್ಕ ಮಾಡಿ. ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು ಎಂದು ಅವೇ ಹೇಳುತ್ತವೆ.

ಮೊದಲನೆಯದು ಬಿಗಿತದ್ದು. ನಮ್ಮ ಉದಾಹರಣೆಗೆ (8,8) ಕೊಳವೆ; ಕಾರ್ಬನ್ ಹಾಳೆ ಹೇಗೆ ಸುರುಳಿಯಾಗಿದೆ ಎಂದು ಹೇಳುವ (n,m) ಜೋಡಿಸಂಖ್ಯೆ ಇದು. ವ್ಯಾಸದ ಸೂತ್ರ: 2.46 ಆಂಗ್‌ಸ್ಟ್ರಾಂ × √(n²+nm+m²) ÷ π. ಇದರಲ್ಲಿ ಎರಡೂ ಸಂಖ್ಯೆ 8 ಎಂದು ಹಾಕಿದರೆ 10.85 ಆಂಗ್‌ಸ್ಟ್ರಾಂ ಬರುತ್ತದೆ. ಗೋಡೆಯ ದಪ್ಪ ರೂಢಿಯಂತೆ 3.4 ಆಂಗ್‌ಸ್ಟ್ರಾಂ, ಯಂಗ್ ಗುಣಾಂಕ (ಎಳೆತಕ್ಕೆ ಬಿಗಿತದ ಅಳತೆ) ಸುಮಾರು 1 ಟೆರಾಪ್ಯಾಸ್ಕಲ್. ಗುಣಾಂಕವನ್ನು ಗೋಡೆಯ ಅಡ್ಡಕೊಯ್ತದಿಂದ ಗುಣಿಸಿದರೆ ಸುಮಾರು 1160 ನ್ಯಾನೊನ್ಯೂಟನ್. ಒಳಗಿನ ನೀರಿನ ಕಂಬದ ಅಡ್ಡಕೊಯ್ತ 0.46 ಚದರ ನ್ಯಾನೊಮೀಟರ್, ನೀರಿನ ಸಂಪೀಡನ ಗುಣಾಂಕ 2.2 ಗಿಗಾಪ್ಯಾಸ್ಕಲ್, ಗುಣಿಸಿದರೆ 1 ನ್ಯಾನೊನ್ಯೂಟನ್. ಸಾವಿರಕ್ಕೆ ಒಂದು! ನೀರೇ ಸಾವಿರದಲ್ಲಿ ಒಂದು ಪಾಲಾದರೆ, ಆ ನೀರಿನಲ್ಲಿ ಕ್ಷೇತ್ರ ತರುವ ಬದಲಾವಣೆ ಅದಕ್ಕಿಂತಲೂ ಚಿಕ್ಕದು. ಹಾಗಾಗಿ ಎಳೆತದ ಯಂಗ್ ಗುಣಾಂಕದಲ್ಲಿ ಕ್ಷೇತ್ರದ ಪರಿಣಾಮ ಹುಡುಕಬೇಡಿ. ಸಿಕ್ಕಿತು ಅನ್ನಿಸಿದರೆ ಮೊದಲು ಅನುಮಾನ ಪಡಿ. ಪರಿಣಾಮ ಕಾಣುವ ಜಾಗ ಎರಡು: ಉದ್ದಕ್ಕೆ ಒತ್ತಿದಾಗ ಕೊಳವೆ ಮಡಚಿಕೊಳ್ಳುವ ಹಂತ (ಮುಂದೆ ಇದನ್ನು ಬಕ್ಲಿಂಗ್ ಎನ್ನೋಣ), ಮತ್ತು ಅಡ್ಡಕ್ಕೆ ಹಿಸುಕಿದಾಗಿನ ಬಿಗಿತ.

ಎರಡನೆಯದು ಕ್ಷೇತ್ರದ್ದು. ಎಸ್‌ಪಿಸಿ/ಇ ಎಂಬ, ಮೂರು ಬಿಂದುಗಳ ಗಟ್ಟಿ ಮಾದರಿಯ ನೀರಿನ ಅಣುವಿನ ದ್ವಿಧ್ರುವ ಮಹತ್ವ 2.35 ಡಿಬೈ. 1 ವೋಲ್ಟ್/ನ್ಯಾನೊಮೀಟರ್ ಕ್ಷೇತ್ರದಲ್ಲಿ ಅದರ ಶಕ್ತಿ 7.8×10⁻²¹ ಜೂಲ್, 300 ಕೆಲ್ವಿನ್‌ನಲ್ಲಿ ಉಷ್ಣಶಕ್ತಿ 4.1×10⁻²¹ ಜೂಲ್. ಅಂದರೆ 1 ವೋಲ್ಟ್/ನ್ಯಾಮೀನಲ್ಲಿ ಕ್ಷೇತ್ರದ ಹಿಡಿತ ಉಷ್ಣದ ಕುಣಿತಕ್ಕಿಂತ ಸುಮಾರು 1.9 ಪಟ್ಟು. 0.1ರಲ್ಲಿ ಐದನೇ ಒಂದು ಪಾಲು ಮಾತ್ರ, ಗದ್ದಲದಲ್ಲೇ ಮುಳುಗಿಹೋಗುತ್ತದೆ. ಅಣುಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿದ್ದರೆ 1 ವೋಲ್ಟ್/ನ್ಯಾಮೀಗೆ, ದ್ವಿಧ್ರುವಕ್ಕೂ ಕ್ಷೇತ್ರಕ್ಕೂ ನಡುವಿನ ಕೋನದ ಸರಾಸರಿ ಕೊಸೈನ್ 0.52 ಬರಬೇಕು. ಈ ಸಂಖ್ಯೆ ನೆನಪಿಡಿ, ಮುಂದೆ ತಾಳೆ ನೋಡಲು ಬೇಕು.

ಗಾಳಿಯಲ್ಲಿ ಕಿಡಿ ಹಾರುವುದು ಸುಮಾರು 0.003 ವೋಲ್ಟ್/ನ್ಯಾಮೀಗೆ. ನಾವು ಹಾಕುವುದು ಅದರ ಮುನ್ನೂರು ಪಟ್ಟು. ಇಷ್ಟು ದೊಡ್ಡ ಕ್ಷೇತ್ರ ಸೂಜಿಮೊನೆಗಳ ತುದಿಯಲ್ಲಿ, ಅಯಾನುಗಳ ಮಗ್ಗುಲಲ್ಲಿ ಇರುತ್ತದೆಯೇ ಹೊರತು ಎರಡು ತಗಡಿನ ನಡುವೆ ಸುಲಭಕ್ಕೆ ಸಿಗದು. ಮೇಲಿನ ಮಿತಿಯೂ ಇದೆ: 3.5 ವೋಲ್ಟ್/ನ್ಯಾಮೀ ಆಸುಪಾಸಿನಲ್ಲಿ ನೀರಿನ ಅಣುವೇ ಒಡೆಯತೊಡಗುತ್ತದೆ ಎಂದು ಕ್ವಾಂಟಂ ಲೆಕ್ಕಗಳು ತೋರಿಸಿವೆ. ನಮ್ಮ ಗಟ್ಟಿ ಅಣುವಿನ ಮಾದರಿಗೆ ಒಡೆಯಲು ಬರುವುದಿಲ್ಲ. 5 ಕೊಟ್ಟರೂ ಸುಮ್ಮನೆ ಸಾಲಾಗಿ ನಿಂತು ಸುಳ್ಳು ಹೇಳುತ್ತದೆ. 2ರಲ್ಲೇ ನಿಲ್ಲಿಸಿ.

ಯಂತ್ರ, ಕರೆಂಟು, ತಂತ್ರಾಂಶ

ಲೆಕ್ಕಕ್ಕೆ ಲ್ಯಾಂಪ್ಸ್, ಕಟ್ಟಲು ಮತ್ತು ನೋಡಲು ವಿಎಂಡಿ, ನೀರು ಜೋಡಿಸಲು ಪ್ಯಾಕ್‌ಮೋಲ್. ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ಲ್ಯಾಂಪ್ಸ್ ಕಟ್ಟುವಾಗ ಮಾಲಿಕ್ಯೂಲ್, ಕೆಸ್ಪೇಸ್, ರಿಜಿಡ್, ಮೆನಿಬಾಡಿ ಎಂಬ ನಾಲ್ಕು ಪ್ಯಾಕೇಜ್ ಸೇರಿಸಿ. ಮೆನಿಬಾಡಿ ಮರೆತರೆ ಕಾರ್ಬನ್ನಿನ ವಿಭವವೇ (ಪರಮಾಣುಗಳ ನಡುವಿನ ಬಲ ಹೇಳುವ ಸೂತ್ರ) ಸಿಗದು. ರಿಜಿಡ್ ಮರೆತರೆ, ನೀರಿನ ಅಣುವಿನ ಆಕಾರವನ್ನು ಗಟ್ಟಿಯಾಗಿ ಹಿಡಿಯುವ ಶೇಕ್ ಆಜ್ಞೆ ಸಿಗದು.

ಕಕ್ಕಡದ ಮಳೆಯಲ್ಲಿ (ಅರೆಭಾಷೆಯವರಿಗೆ ಆಟಿ) ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ನಿಂತಲ್ಲಿಂದ ಮುಂದುವರಿಸಲು ಬೇಕಾದ ರೀಸ್ಟಾರ್ಟ್ ಫೈಲನ್ನು 50,000 ಹೆಜ್ಜೆಗೊಮ್ಮೆ ಬರೆಸಿ, ಅದೂ ಎರಡು ಹೆಸರಿಗೆ ಸರದಿಯಂತೆ. ಒಂದೇ ಹೆಸರಿಗೆ ಬರೆಸಿದರೆ ಬರೆಯುತ್ತಿರುವಾಗಲೇ ಕರೆಂಟು ಹೋದ ದಿನ ಹಳೆಯದೂ ಇಲ್ಲ, ಹೊಸದೂ ಇಲ್ಲ. ಡೆಸ್ಕ್‌ಟಾಪ್ ಆದರೆ ಮನೆಯ ಇನ್ವರ್ಟರ್ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿ. ಮಾಮೂಲಿ ಸ್ಥಾನದಲ್ಲಿ ಬದಲಾವಣೆ ನಿಧಾನವಾಗಿ ಯಂತ್ರ ಆರಿ ಹತ್ತುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಳಸದೆ ಮೂಲೆಗಿಟ್ಟ ಯಂತ್ರಕ್ಕೆ ತೇವ ಹಿಡಿಯುತ್ತದೆ. ದಿನವೂ ಓಡುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿರುತ್ತದೆ, ಅದೊಂದು ಲಾಭ.

ಕೊಳವೆ

ವಿಎಂಡಿಯ ಕಾರ್ಬನ್ ನ್ಯಾನೊರಚನೆ ಕಟ್ಟುವ ಉಪಕರಣದಲ್ಲಿ (8,8) ಕೊಟ್ಟು ಉದ್ದ 9.84 ನ್ಯಾಮೀ ಕೇಳಿ. ಇದು 2.46 ಆಂಗ್‌ಸ್ಟ್ರಾಂನ 40 ಕೋಶ (ಉದ್ದಕ್ಕೆ ಮರುಕಳಿಸುವ ತುಣುಕು). ಕೋಶಕ್ಕೆ 32ರಂತೆ 1280 ಕಾರ್ಬನ್. ಎಣಿಸಿ ನೋಡಿ, ಒಂದು ಹೆಚ್ಚುಕಡಿಮೆಯಾದರೂ ತುದಿಯ ಬಳೆ ಮುರಿದಿದೆ ಎಂದರ್ಥ.

ಇಲ್ಲೇ ಎಲ್ಲರೂ ಎಡವುವ ಒಂದು ಕಲ್ಲಿದೆ. ಆ ಉಪಕರಣ ಕಾರ್ಬನ್–ಕಾರ್ಬನ್ ಬಂಧಗಳ ಪಟ್ಟಿಯನ್ನೂ ಬರೆಯಬಲ್ಲದು. ಅದು ಡೇಟಾ ಫೈಲಿಗೆ ಹೋಗಬಾರದು. ನೀರಿಗಾಗಿ ನಾವು ‘ಬಂಧದಲ್ಲಿರುವ ಜೋಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಡ’ ಎಂದು ಸ್ಪೆಷಲ್ ಬಾಂಡ್ಸ್ ಆಜ್ಞೆಯಲ್ಲಿ ಹೇಳಿರುತ್ತೇವೆ. ಕಾರ್ಬನ್ನಿಗೂ ಬಂಧಪಟ್ಟಿ ಇದ್ದರೆ ಆ ಆಜ್ಞೆ ಅಕ್ಕಪಕ್ಕದ ಕಾರ್ಬನ್‌ಗಳನ್ನೂ ಅಳಿಸಿಹಾಕಿ, ಕೊಳವೆ ಮೊದಲ ನೂರು ಹೆಜ್ಜೆಯಲ್ಲೇ ಪುಡಿಯಾಗುತ್ತದೆ. ಬಂಧಪಟ್ಟಿ ನೀರಿಗೆ ಮಾತ್ರ.

ಎರಡೂ ತುದಿಯಲ್ಲಿ ಎರಡೆರಡು ಕೋಶ (ತಲಾ 64 ಕಾರ್ಬನ್) ಹಿಡಿಕೆ. ಅವು ತಾವಾಗಿ ಅಲುಗಾಡವು, ನಾವು ಸರಿಸಿದಷ್ಟೇ ಸರಿಯುತ್ತವೆ. ನಡುವೆ ಸ್ವತಂತ್ರವಾಗಿ ಉಳಿದ ಉದ್ದ 88.6 ಆಂಗ್‌ಸ್ಟ್ರಾಂ. ಹಿಡಿಕೆಯ ಒಳಅಂಚಿನಲ್ಲಿ ಒಂದೊಂದು ಬಿರಡೆ: ಕೊರೊನೀನ್ ಅಣುವಿನ ಆಕಾರದ, 24 ಕಾರ್ಬನ್ನಿನ ಚಪ್ಪಟೆ ತಟ್ಟೆ. ಅದರ ಅಂಚಿನಿಂದ ಗೋಡೆಗೆ 1.7 ಆಂಗ್‌ಸ್ಟ್ರಾಂ ಸಂದು ಉಳಿದರೂ ನೀರು ನುಸುಳದು. ಬಿರಡೆಯ ಕಾರ್ಬನ್‌ಗೆ ಬೇರೆ ವಿಧಸಂಖ್ಯೆ ಕೊಡಿ. ಅದು ನೀರನ್ನು ಮಾತ್ರ ತಳ್ಳಬೇಕು, ಗೋಡೆಯ ಜೊತೆ ಬಂಧ ಬೆಸೆಯಬಾರದು.

ಬಿರಡೆ ಯಾಕೆ ಬೇಕು? ಬಾಯಿ ತೆರೆದ ಕೊಳವೆಯನ್ನು ಒತ್ತಿದರೆ ನೀರು ಆಚೆ ಬರುತ್ತದೆ, ಕ್ಷೇತ್ರ ಕೊಟ್ಟಾಗ ಬರುವ ಪ್ರಮಾಣ ಬದಲಾಗುತ್ತದೆ. ಆಗ ನೀವು ಅಳೆಯುವುದು ಕ್ಷೇತ್ರದ ಪರಿಣಾಮವೋ ಸೋರಿಕೆಯ ಪರಿಣಾಮವೋ ದೇವರಿಗೇ ಗೊತ್ತು.

ಎಷ್ಟು ನೀರು?

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಪ್ರಶ್ನೆ ಇದು. ನೂರ ಮೂವತ್ತರ ಜಾಗಕ್ಕೆ ನೂರ ನಲವತ್ತು ಅಣು ತುರುಕಿದರೆ ಒಳಒತ್ತಡ ವಿಪರೀತ ಏರಿ ಕೊಳವೆ ಗಟ್ಟಿಯಾದಂತೆ ಕಾಣುತ್ತದೆ. ಹತ್ತು ಕಡಿಮೆ ಹಾಕಿದರೆ ನಡುವೆ ಪೊಳ್ಳು ಉಳಿದು, ಮಡಚುವಿಕೆ ಅಲ್ಲೇ ಶುರುವಾಗುತ್ತದೆ. ಎರಡೂ ಸಂದರ್ಭದಲ್ಲಿ ಕ್ಷೇತ್ರದ ಪಾಲು ಈ ತಪ್ಪಿನಡಿ ಹೂತುಹೋಗುತ್ತದೆ.

ಅಂದಾಜು ಹೀಗೆ: ಗೋಡೆಯ ತ್ರಿಜ್ಯ 5.43ರಲ್ಲಿ 1.6 ಕಳೆದರೆ ನೀರಿಗೆ ಸಿಗುವ ತ್ರಿಜ್ಯ 3.83 ಆಂಗ್‌ಸ್ಟ್ರಾಂ, ಅಡ್ಡಕೊಯ್ತ 46 ಚದರ ಆಂಗ್‌ಸ್ಟ್ರಾಂ. ಬಿರಡೆಗಳ ನಡುವೆ ನೀರಿಗೆ ಸಿಗುವ ಉದ್ದ 85.4. ಘನ ಆಂಗ್‌ಸ್ಟ್ರಾಂಗೆ 0.0334 ಅಣು. ಗುಣಿಸಿದರೆ 131. ಇಷ್ಟು ಕಿರಿದಾದ ಜಾಗದಲ್ಲಿ ನೀರಿನ ಸಾಂದ್ರತೆ ಹೊರಗಿನಂತೆಯೇ ಇರಬೇಕೆಂದಿಲ್ಲವಾದ್ದರಿಂದ ಇದನ್ನು ನಂಬಿ ಕೂರಬೇಡಿ, ಕೊಳವೆಯನ್ನೇ ಕೇಳಿ.

ಕೇಳುವುದು ಹೀಗೆ. ಬಿರಡೆಯಿಲ್ಲದ ಗಟ್ಟಿ ಕೊಳವೆಯ ಎರಡೂ ಬಾಯಿಗೆ ತೂತು ಕೊರೆದ ಗ್ರಾಫೀನ್ ಹಾಳೆ ಹೊಂದಿಸಿ, ಹಾಳೆಯ ಆಚೆಗೆ 30 ಆಂಗ್‌ಸ್ಟ್ರಾಂ ಘನದ ನೀರಿನ ತೊಟ್ಟಿ ಇಡಿ. ತೊಟ್ಟಿಗೆ ಸುಮಾರು 900 ಅಣು. ಪ್ಯಾಕ್‌ಮೋಲ್‌ನಲ್ಲಿ ಅಂತರ 2.0 ಕೊಟ್ಟರೆ ಸಲೀಸಾಗಿ ಜೋಡಿಸಿಕೊಡುತ್ತದೆ. ತೊಟ್ಟಿಯ ಹೊರಮೈಗೆ 20 ಆಂಗ್‌ಸ್ಟ್ರಾಂ ಖಾಲಿ ಜಾಗ ಬಿಡಿ. ನೀರಿನ ತೆರೆದ ಮೈ ಇದ್ದರೆ ಒತ್ತಡ ತಾನಾಗಿ ಸೊನ್ನೆಯ ಹತ್ತಿರ ನಿಲ್ಲುತ್ತದೆ, ಒತ್ತಡ ಕಾಯುವ ಬ್ಯಾರೋಸ್ಟಾಟಿನ ಗೋಜೇ ಬೇಡ. ಕ್ಷೇತ್ರವಿಲ್ಲದೆ 2 ನ್ಯಾನೊಸೆಕೆಂಡ್ ಓಡಿಸಿ. ನೀರು ತಾನಾಗಿ ಒಳಗೆ ನುಗ್ಗುತ್ತದೆ. ನೀರನ್ನು ದೂರವಿಡುವ ಗೋಡೆ, ಆದರೂ ನೀರು ಒಳಬರುತ್ತದೆ: ಹಮ್ಮರ್, ರಸಯ್ಯ, ನೊವೊರಿಟಾ 2001ರಲ್ಲಿ (6,6) ಕೊಳವೆಯ ಲೆಕ್ಕದಲ್ಲಿ ಇದನ್ನು ತೋರಿಸಿದಾಗ ಬಹಳ ಜನ ಬೆರಗಾದರು. 13.4 ಆಂಗ್‌ಸ್ಟ್ರಾಂ ಉದ್ದದ ಆ ಕೊಳವೆಯಲ್ಲಿ ಐದು ಅಣು ಒಂದರ ಹಿಂದೊಂದು ಸಾಲು ನಿಂತಿದ್ದವು.

ಕೊನೆಯ 1 ನ್ಯಾನೊಸೆಕೆಂಡಿನಲ್ಲಿ ನಡುವಿನ 60 ಆಂಗ್‌ಸ್ಟ್ರಾಂ ಭಾಗದ ಸರಾಸರಿ ಎಣಿಕೆ ತೆಗೆದು, ಉದ್ದಕ್ಕೆ ಇಷ್ಟು ಎಂದು ಭಾಗಿಸಿ, 85.4ರಿಂದ ಗುಣಿಸಿ. ಆ ಸಂಖ್ಯೆಗೆ ಹತ್ತಿರವಿರುವ ಒಂದು ಕ್ಷಣದ ಚಿತ್ರ ಆರಿಸಿ, ಹೊರಗಿನ ನೀರು ಮತ್ತು ಹಾಳೆ ಅಳಿಸಿ, ಬಿರಡೆಯಿಂದ 3 ಆಂಗ್‌ಸ್ಟ್ರಾಂಗಿಂತ ಹತ್ತಿರವಿರುವ ಅಣುಗಳನ್ನೂ ಅಳಿಸಿ, ಬಿರಡೆ ಜಡಿಯಿರಿ. ಪ್ಯಾಕ್‌ಮೋಲ್‌ನಿಂದಲೇ ನೇರ ಕೊಳವೆಯೊಳಗೆ 131 ಅಣು ತುಂಬಿಸಲು ಹೋದರೆ ಅದು ಗಂಟೆಗಟ್ಟಲೆ ತಿಣುಕಿ ಕೈಚೆಲ್ಲುತ್ತದೆ.

ತೊಟ್ಟಿ ಇರುವಾಗಲೇ ಕ್ಷೇತ್ರ ಕೊಟ್ಟು ತುಂಬಿಸುವ ಆಸೆ ಹಲವರಿಗೆ. ಎಚ್ಚರ: ತೊಟ್ಟಿಯ ನೀರು ತನ್ನೊಳಗಿನ ಕ್ಷೇತ್ರವನ್ನು ಬಹುತೇಕ ನುಂಗಿಬಿಡುತ್ತದೆ, ಉಳಿದ ವೋಲ್ಟೇಜೆಲ್ಲ ಕೊಳವೆ ಮತ್ತು ಖಾಲಿ ಜಾಗದ ಮೇಲೆ ಬೀಳುತ್ತದೆ. ಫೈಲಿನಲ್ಲಿ 1 ಎಂದು ಬರೆದಿದ್ದರೂ ಕೊಳವೆಯೊಳಗೆ ಅದಕ್ಕಿಂತ ಹೆಚ್ಚು ಇರುತ್ತದೆ. ಮೊದಲ ಬಾರಿಗೆ ಇದು ಬೇಡ. ನೀರಿನ ಎಣಿಕೆ ಎಲ್ಲ ಓಟಕ್ಕೂ ಒಂದೇ ಇರಲಿ.

ಸಂಖ್ಯೆಗಳು

ಮಾನಪದ್ಧತಿ ‘ಮೆಟಲ್’ ಇಟ್ಟುಕೊಳ್ಳಿ. ಕಾರ್ಬನ್ನಿನ ವಿಭವದ ಫೈಲು ಅದರಲ್ಲೇ ಬರುತ್ತದೆ. ಶಕ್ತಿ ಎಲೆಕ್ಟ್ರಾನ್‌ವೋಲ್ಟ್, ಉದ್ದ ಆಂಗ್‌ಸ್ಟ್ರಾಂ, ಕಾಲ ಪಿಕೊಸೆಕೆಂಡ್, ಕ್ಷೇತ್ರ ವೋಲ್ಟ್/ಆಂಗ್‌ಸ್ಟ್ರಾಂ. ಕೊನೆಯದನ್ನು ದೊಡ್ಡಕ್ಷರದಲ್ಲಿ ಗೋಡೆಗೆ ಅಂಟಿಸಿಕೊಳ್ಳಿ: 1 ವೋಲ್ಟ್/ನ್ಯಾನೊಮೀಟರ್ ಬೇಕಾದರೆ ಬರೆಯಬೇಕಾದ್ದು 0.1. ಇಲ್ಲಿ 1 ಎಂದು ಬರೆದವರ ನೀರು ಕಂಬದಂತೆ ಸೆಟೆದು ನಿಲ್ಲುತ್ತದೆ, ಅವರು ಅದನ್ನೇ ಶೋಧವೆಂದು ತಿಳಿಯುತ್ತಾರೆ.

ನೀರು, ಎಸ್‌ಪಿಸಿ/ಇ: ಆಮ್ಲಜನಕದ ವಿದ್ಯುದಂಶ −0.8476, ಜಲಜನಕದ್ದು +0.4238, ಬಂಧ 1.0 ಆಂಗ್‌ಸ್ಟ್ರಾಂ, ಕೋನ 109.47 ಡಿಗ್ರಿ. ಆಮ್ಲಜನಕ–ಆಮ್ಲಜನಕ ಲೆನಾರ್ಡ್-ಜೋನ್ಸ್ (ವಿದ್ಯುದಂಶದ್ದಲ್ಲದ ಸೆಳೆತ-ತಳ್ಳಾಟ) ಆಳ 0.006735 ಎಲೆಕ್ಟ್ರಾನ್‌ವೋಲ್ಟ್, ಸಿಗ್ಮಾ 3.166. ಕಾರ್ಬನ್–ಆಮ್ಲಜನಕ: ಆಳ 0.004063, ಸಿಗ್ಮಾ 3.19. ಇದು ಗ್ರಾಫೈಟಿನ ಮೇಲೆ ನೀರಹನಿಯ ಸ್ಪರ್ಶಕೋನ 86 ಡಿಗ್ರಿ ಬರುವಂತೆ 2003ರಲ್ಲಿ ವರ್ಡರ್ ಮತ್ತು ಸಂಗಡಿಗರು ಹೊಂದಿಸಿದ ಜೋಡಿ. ಜಲಜನಕಕ್ಕೆ ಲೆನಾರ್ಡ್-ಜೋನ್ಸ್ ಸೊನ್ನೆ. ಕಡಿತದೂರ, ಅಂದರೆ ಅದರಾಚೆಯ ಜೋಡಿಗಳನ್ನು ಲೆಕ್ಕಕ್ಕೆ ಹಿಡಿಯದ ದೂರ, 12 ಆಂಗ್‌ಸ್ಟ್ರಾಂ.

ಕಾರ್ಬನ್ನಿಗೆ ಐರೆಬೊ ಎಂಬ ವಿಭವ. ಟೆರ್ಸಾಫ್ ಎಂಬ ಇನ್ನೊಂದನ್ನು ಬಳಸಿದರೆ ಓಟ ಬೇಗ ಮುಗಿಯುತ್ತದೆ ನಿಜ, ಆದರೆ ಅದರಲ್ಲಿ ದೂರದ ವಾನ್‌ಡರ್‌ವಾಲ್ಸ್ ಸೆಳೆತ-ತಳ್ಳಾಟ ಇಲ್ಲ. ಖಾಲಿ ಕೊಳವೆ ಮಡಚಿಕೊಂಡಾಗ ಎದುರುಬದುರು ಗೋಡೆಗಳು ಒಂದನ್ನೊಂದು ಗುರುತಿಸದೆ ಅತಿ ಸಮೀಪ ಬಂದುಬಿಡುತ್ತವೆ. ನೀರಿದ್ದ ಕೊಳವೆಯಲ್ಲಿ ಈ ತೊಂದರೆ ಕಾಣದು, ಹಾಗಾಗಿ ಹೋಲಿಕೆಯೇ ವಾಲಿಹೋಗುತ್ತದೆ. ಐರೆಬೊದಲ್ಲಿ ಲೆನಾರ್ಡ್-ಜೋನ್ಸ್ ಭಾಗ ಚಾಲೂ ಇಟ್ಟು ಕಡಿತ 3.0 ಕೊಡಿ. ಮುರಿಯುವವರೆಗೆ ಎಳೆಯುವ ಓಟವೂ ಬೇಕಿದ್ದರೆ ಮಾತ್ರ, ವಿಭವದ ಫೈಲಿನ ಒಳಕಡಿತ 1.7ನ್ನು 1.92ಕ್ಕೆ ಏರಿಸಿದ ಪ್ರತಿ ಬೇರೆ ಇಟ್ಟುಕೊಳ್ಳಿ. ಇಲ್ಲವಾದರೆ ಬಂಧ 1.7 ಆಂಗ್‌ಸ್ಟ್ರಾಂ ದಾಟುವಾಗ ಇಲ್ಲದ ಬಲ ಹುಟ್ಟಿ ವಕ್ರರೇಖೆ ಗುಡ್ಡದಂತೆ ಏಳುತ್ತದೆ.

ವಿದ್ಯುತ್ ಬಲಗಳ ಲೆಕ್ಕಕ್ಕೆ ಎಲ್ಲರೂ ಕಣ್ಣುಮುಚ್ಚಿ ಪಿಪಿಪಿಎಂ (ಪೆಟ್ಟಿಗೆ ಸುತ್ತಲೂ ಮರುಕಳಿಸುತ್ತದೆ ಎಂದು ಹಿಡಿದು ದೂರದ ಬಲಗಳನ್ನೂ ಕೂಡಿಸುವ ವಿಧಾನ) ಹಾಕುತ್ತಾರೆ. ತೊಟ್ಟಿಯ ಓಟಕ್ಕೆ ಅದೇ ಸರಿ. ಬಿರಡೆ ಜಡಿದ ಕೊಳವೆಗೆ ಬೇಡ. ಅಣುಗಳೆಲ್ಲ ಸಾಲಾಗಿ ನಿಂತರೆ ನೀರಿನ ಕಂಬದ ಒಟ್ಟು ದ್ವಿಧ್ರುವ ಮುನ್ನೂರು ಡಿಬೈ ಮುಟ್ಟಬಹುದು. ಪೆಟ್ಟಿಗೆಯ ಪ್ರತಿಬಿಂಬಗಳಲ್ಲೂ ಅಷ್ಟೇ ಇರುತ್ತದೆ, ಅವು ಒಂದನ್ನೊಂದು ಎಳೆಯುತ್ತವೆ. ನಮ್ಮಲ್ಲಿ ವಿದ್ಯುದಂಶವಿರುವ ಬಿಂದುಗಳು ನಾನೂರರೊಳಗೆ. ಪೆಟ್ಟಿಗೆಯನ್ನು ಮೂರೂ ದಿಕ್ಕಿನಲ್ಲಿ ಆವರ್ತನವಿಲ್ಲದಂತೆ ಮಾಡಿ, ಕೂಲಂಬ್ ಕಡಿತವನ್ನು 110 ಆಂಗ್‌ಸ್ಟ್ರಾಂ, ಅಂದರೆ ಕೊಳವೆಗಿಂತ ಉದ್ದ, ಇಟ್ಟುಬಿಡಿ. ಪ್ರತಿಯೊಂದೂ ಪ್ರತಿಯೊಂದನ್ನೂ ನೋಡುತ್ತದೆ, ಪ್ರತಿಬಿಂಬದ ತಲೆನೋವೇ ಇಲ್ಲ. ನೆರೆಪಟ್ಟಿಯ ಮಿತಿ ಸಾಲದು ಎಂದು ಲ್ಯಾಂಪ್ಸ್ ಗೊಣಗಿದರೆ ‘ಒನ್’ ಎಂಬ ಸಂಖ್ಯೆಯನ್ನು 5000ಕ್ಕೆ ಏರಿಸಿ.

ಕಡಿತದೂರವನ್ನು ಹಗುರವಾಗಿ ನೋಡಬೇಡಿ. ಏಕರೂಪದ ಸ್ಥಿರ ಕ್ಷೇತ್ರ ತಟಸ್ಥ ಅಣುವನ್ನು ತಿರುಗಿಸಬಲ್ಲದು, ಮುಂದಕ್ಕೆ ತಳ್ಳಲಾರದು. ಆದರೂ ಸ್ಥಿರ ಕ್ಷೇತ್ರವೊಂದೇ ಕೊಳವೆಯಲ್ಲಿ ನೀರನ್ನು ನಿಲ್ಲದೆ ಹರಿಸುತ್ತದೆ ಎಂಬ ಲೆಕ್ಕಗಳು ಪ್ರಕಟವಾಗಿದ್ದವು. ಅವುಗಳಲ್ಲಿ ಕೆಲವು ಕಡಿತದೂರದ ಒರಟು ನಿರ್ವಹಣೆಯಿಂದ ಹುಟ್ಟಿದ ಸುಳ್ಳು ಹರಿವು ಎಂದು ಆಮೇಲೆ ತಿಳಿಯಿತು.

ಓಟ

ಕಾಲಹೆಜ್ಜೆ 0.0005 ಪಿಕೊಸೆಕೆಂಡ್. ಮೊದಲು ಶಕ್ತಿ ತಗ್ಗಿಸುವ ಹಂತ. ಇಲ್ಲಿ ಶೇಕ್ ನಂಬುವಂತಿಲ್ಲ, ಆದ್ದರಿಂದ ನೀರಿನ ಬಂಧ-ಕೋನಗಳಿಗೆ ಗಡುಸಾದ ಸ್ಪ್ರಿಂಗ್ ಸ್ಥಿರಾಂಕ ಕೊಟ್ಟಿರಿ. ಸೊನ್ನೆ ಕೊಟ್ಟಿದ್ದರೆ ಜಲಜನಕ ಕಳಚಿ ಪಕ್ಕದ ಆಮ್ಲಜನಕದ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಶೇಕ್ ಹಾಕಿ 300 ಕೆಲ್ವಿನ್‌ನಲ್ಲಿ 200 ಪಿಕೊಸೆಕೆಂಡ್ ಬಿಡಿ. ಈ ಹಂತದಲ್ಲಿ ಮೇಲಿನ ಹಿಡಿಕೆ ಅಕ್ಷದ ಗುಂಟ ಗಟ್ಟಿ ದೇಹದಂತೆ ಸರಿಯಲು ಬಿಟ್ಟು ಕೊಳವೆಯ ನಿಜವಾದ ವಿರಾಮದ ಉದ್ದ ಕಂಡುಕೊಳ್ಳಿ. ವಿಕೃತಿಯನ್ನು (ಉದ್ದ ಎಷ್ಟು ಪಾಲು ಬದಲಾಯಿತು ಎಂಬುದನ್ನು) ಆ ಉದ್ದದಿಂದಲೇ ಲೆಕ್ಕ ಹಾಕಬೇಕು, ಕಟ್ಟಿದಾಗಿನ ಉದ್ದದಿಂದಲ್ಲ.

ಉಷ್ಣತೆಯನ್ನು ಅಲುಗಾಡುವ ಪರಮಾಣುಗಳ ಗುಂಪಿಗೆ ಮಾತ್ರ ಅಳೆಯಿರಿ. ಹಿಡಿಕೆ-ಬಿರಡೆಗಳನ್ನೂ ಸೇರಿಸಿದರೆ ಸರಾಸರಿ ಇಳಿದು, ಥರ್ಮೋಸ್ಟಾಟ್ ಉಳಿದವನ್ನು ಅನಗತ್ಯವಾಗಿ ಕಾಯಿಸುತ್ತದೆ.

ಈಗ ಕ್ಷೇತ್ರ. ‘ಫಿಕ್ಸ್ ಇಫೀಲ್ಡ್’ ಆಜ್ಞೆಯನ್ನು ಶೇಕ್‌ಗಿಂತ ಮೇಲಿನ ಸಾಲಿನಲ್ಲಿ ಬರೆಯಿರಿ. ಶೇಕ್ ತನ್ನ ಲೆಕ್ಕ ಮುಗಿಸಿದ ಮೇಲೆ ಸೇರಿದ ಬಲ ಅದರ ಕಣ್ಣಿಗೆ ಬೀಳದು. ಸೊನ್ನೆಯಿಂದ ಗುರಿಯವರೆಗೆ 100 ಪಿಕೊಸೆಕೆಂಡಿನಲ್ಲಿ ನಿಧಾನ ಏರಿಸಿ. ಒಮ್ಮೆಲೇ 2 ಕೊಟ್ಟರೆ ಅಣುಗಳು ತಟಕ್ಕನೆ ಹೊರಳಿ, ಆ ಶಕ್ತಿಯೆಲ್ಲ ಬಿಸಿಯಾಗಿ ಉಷ್ಣತೆ ಜಿಗಿಯುತ್ತದೆ. ಮಟ್ಟಗಳು: 0, 0.25, 0.5, 1 ಮತ್ತು 2 ವೋಲ್ಟ್/ನ್ಯಾಮೀ. ಗುರಿ ಮುಟ್ಟಿದ ಮೇಲೆ ಇನ್ನೂ 300 ಪಿಕೊಸೆಕೆಂಡ್ ಕಾದು, ಸರಾಸರಿ ಕೊಸೈನ್ ಸ್ಥಿರವಾಯಿತೇ ನೋಡಿ. ಉದ್ದಕ್ಕೆ 1 ವೋಲ್ಟ್/ನ್ಯಾಮೀ ಕೊಟ್ಟಾಗ ಮೊದಲೇ ಹೇಳಿದ 0.52ಕ್ಕಿಂತ ಹೆಚ್ಚು ಬಂದರೆ ಗಾಬರಿ ಬೇಡ; ಸಾಲಿನಲ್ಲಿ ಹಿಂದೆ-ಮುಂದೆ ನಿಂತ ದ್ವಿಧ್ರುವಗಳು ಒಂದನ್ನೊಂದು ಅದೇ ದಿಕ್ಕಿಗೆ ಹಿಡಿದುಕೊಳ್ಳುತ್ತವೆ. 0.1ರ ಸುತ್ತ ಬಂದರೆ ಮಾತ್ರ ಮಾನದ ತಪ್ಪು.

ಒತ್ತುವ ಹಂತದಲ್ಲಿ ಮೇಲಿನ ಹಿಡಿಕೆ ಮತ್ತು ಬಿರಡೆಯನ್ನು ಒಟ್ಟಿಗೆ ಪಿಕೊಸೆಕೆಂಡಿಗೆ 0.05 ಆಂಗ್‌ಸ್ಟ್ರಾಂನಂತೆ ಇಳಿಸಿ. 142 ಪಿಕೊಸೆಕೆಂಡಿಗೆ ಶೇಕಡಾ 8 ವಿಕೃತಿ, 2,84,000 ಹೆಜ್ಜೆ. ಎರಡೂ ತುದಿ ಹಿಡಿದ ಕಂಬದ ಆಯ್ಲರ್ ಸೂತ್ರ, 2π²R²/L² (R ಕೊಳವೆಯ ತ್ರಿಜ್ಯ, L ಸ್ವತಂತ್ರ ಉದ್ದ), ಇಲ್ಲಿ ಶೇಕಡಾ 7.4 ಎನ್ನುತ್ತದೆ, ಗೋಡೆ ಅದಕ್ಕೂ ಮೊದಲೇ ಒಂದೆಡೆ ಕುಸಿಯಬಹುದು. ಮಡಚಲೇ ಇಲ್ಲವಾದರೆ ಶೇಕಡಾ 10ರವರೆಗೆ ಹೋಗಿ. ಒಂದು ಓಟಕ್ಕೆ ಎಷ್ಟು ಹೊತ್ತು ಎಂದು ತಿಳಿಯಲು ಮೊದಲ 10,000 ಹೆಜ್ಜೆಯ ಸಮಯ ನೋಡಿ ಗುಣಿಸಿಕೊಳ್ಳಿ. ಒಂದು ಜೋಡಿಯನ್ನಾದರೂ ಐದು ಪಟ್ಟು ನಿಧಾನವಾಗಿ, 0.01ರಂತೆ, ಓಡಿಸಿ ನೋಡಿ. ಬಕ್ಲಿಂಗ್ ಬಲ ಗಮನಾರ್ಹವಾಗಿ ಇಳಿದರೆ ನಿಮ್ಮ ವೇಗವೇ ಉತ್ತರವನ್ನು ಉಬ್ಬಿಸುತ್ತಿದೆ.

ಬಲವನ್ನು ಎರಡು ಲೆಕ್ಕದ ಪುಸ್ತಕದಲ್ಲಿ ಬರೆಯಿರಿ: ಹಿಡಿಕೆಯ ಮೇಲಿನದು ಬೇರೆ, ಬಿರಡೆಯ ಮೇಲಿನದು ಬೇರೆ. ‘ಕಂಪ್ಯೂಟ್ ರೆಡ್ಯೂಸ್ ಸಮ್’ ಆಜ್ಞೆಯನ್ನು ಆಯಾ ಗುಂಪಿಗೆ ಕೊಟ್ಟರೆ ಬರುತ್ತದೆ. 1 ಎಲೆಕ್ಟ್ರಾನ್‌ವೋಲ್ಟ್/ಆಂಗ್‌ಸ್ಟ್ರಾಂ ಎಂದರೆ 1.602 ನ್ಯಾನೊನ್ಯೂಟನ್. ಶೇಕಡಾ 1 ವಿಕೃತಿಗೆ ಹಿಡಿಕೆಯಲ್ಲಿ ಸುಮಾರು 11.6 ನ್ಯಾನೊನ್ಯೂಟನ್ ಕಾಣಬೇಕು. ಬಿರಡೆಯಲ್ಲಿ 100 ಮೆಗಾಪ್ಯಾಸ್ಕಲ್ ಒತ್ತಡವಿದ್ದರೂ 0.046 ಮಾತ್ರ. ಆನೆ ಮತ್ತು ಇರುವೆ. ಹಿಡಿಕೆಯ ಬಲಕ್ಕೆ 1 ಪಿಕೊಸೆಕೆಂಡ್ ಸರಾಸರಿ ಸಾಕು. ಬಿರಡೆಯ ಬಲ ಬೇಕಾದರೆ ಒತ್ತುವುದನ್ನು ಅಲ್ಲಲ್ಲಿ ನಿಲ್ಲಿಸಿ 100 ಪಿಕೊಸೆಕೆಂಡಾದರೂ ಸರಾಸರಿ ತೆಗೆಯಬೇಕು. ಎರಡನ್ನೂ ಕೂಡಿಸಿಬಿಟ್ಟರೆ ನೀರು ಏನು ಮಾಡಿತೆಂದು ಎಂದೂ ತಿಳಿಯದು.

ಖಾಲಿ ಚೀಲದ ತೂಕ

ಒಳ್ಳೆಮೆಣಸು ತೂಗುವಾಗ ಚೀಲದ ತೂಕ ಕಳೆಯದಿದ್ದರೆ ಜಗಳ. ಇಲ್ಲಿಯೂ ನಾಲ್ಕು ಓಟ ಒಂದು ಕಂತೆ: ಖಾಲಿ ಕೊಳವೆ ಕ್ಷೇತ್ರವಿಲ್ಲದೆ, ಖಾಲಿ ಕೊಳವೆ ಕ್ಷೇತ್ರದೊಡನೆ, ನೀರಿನ ಕೊಳವೆ ಕ್ಷೇತ್ರವಿಲ್ಲದೆ, ನೀರಿನ ಕೊಳವೆ ಕ್ಷೇತ್ರದೊಡನೆ.

ಎರಡನೆಯದು ದಂಡ ಎಂದು ಬಿಡುವವರೇ ಹೆಚ್ಚು. ಅದೇ ಅತಿ ಮುಖ್ಯ. ಈ ಮಾದರಿಯಲ್ಲಿ ಕಾರ್ಬನ್ನಿಗೆ ವಿದ್ಯುದಂಶವಿಲ್ಲ, ಕ್ಷೇತ್ರ ಅದನ್ನು ಮುಟ್ಟಲಾರದು. ಏನೇ ಬದಲಾದರೂ ನೀರಿನ ಮೂಲಕವೇ ಆಗಬೇಕು. ಹಾಗಾಗಿ ಒಂದೇ ಬೀಜಸಂಖ್ಯೆಯಿಂದ (ಆರಂಭದ ವೇಗಗಳನ್ನು ಹಂಚುವ ಸಂಖ್ಯೆ) ಹೊರಟ ಒಂದನೆಯ ಮತ್ತು ಎರಡನೆಯ ಓಟ ಒಂದೇ ಆಗಿರಲೇಬೇಕು. ಬೇರೆಯಾದರೆ ಯಾವುದೋ ಕಾರ್ಬನ್ನಿಗೆ ತಪ್ಪಿ ವಿದ್ಯುದಂಶ ಸೇರಿದೆ. ಇನ್ನೊಂದು ಪುಕ್ಕಟೆ ಪರೀಕ್ಷೆ: ಉದ್ದದ ಕ್ಷೇತ್ರವನ್ನು ಮೇಲ್ಮುಖ, ಕೆಳಮುಖ ಎರಡೂ ಮಾಡಿ ನೋಡಿ. ಎರಡೂ ತುದಿ ಒಂದೇ ಬಗೆಯವಾದ್ದರಿಂದ ಬಕ್ಲಿಂಗ್ ಬಲದ ಸರಾಸರಿ ದೋಷದ ಮಿತಿಯೊಳಗೆ ಒಂದೇ ಬರಬೇಕು.

ನೀರಿನ ಪ್ರತಿ ಓಟವನ್ನೂ ಬೇರೆ ಬೇರೆ ಬೀಜಸಂಖ್ಯೆಯಿಂದ ಐದು ಸಲ ಓಡಿಸಿ, ಸರಾಸರಿಯ ಜೊತೆ ಹರವನ್ನೂ ಕೊಡಿ. ಬಕ್ಲಿಂಗ್ ಎಂದರೆ ಬಲ ಮೊದಲ ಬಾರಿ ಕುಸಿಯುವ ಜಾಗ. ಗದ್ದಲದ ಒಂದು ಮುಳ್ಳನ್ನು ಶಿಖರವೆಂದು ಓದಬೇಡಿ. ಅದೇ ಕ್ಷಣದ ಚಿತ್ರವನ್ನು ವಿಎಂಡಿಯಲ್ಲಿ ತೆರೆದು, ಗೋಡೆ ನಿಜಕ್ಕೂ ಬಾಗಿದೆಯೇ ಎಂದು ಕಣ್ಣಾರೆ ನೋಡಿ.

ಏನು ಕಾಣುತ್ತದೆ, ಯಾಕೆ

ಕ್ಷೇತ್ರ ಉದ್ದಕ್ಕಿದ್ದರೆ ದ್ವಿಧ್ರುವಗಳು ಅಕ್ಷದ ಗುಂಟ ಮಲಗುತ್ತವೆ. ಹೀಗೆ ಸಮಾನಾಂತರ ನಿಂತವು ತಲೆ-ಬಾಲ ಸೇರಿಸಿ ಒಂದನ್ನೊಂದು ಸೆಳೆಯುತ್ತವೆ, ಪಕ್ಕದಲ್ಲಿರುವವನ್ನು ದೂಡುತ್ತವೆ. ಕಂಬಕ್ಕೆ ಉದ್ದಕ್ಕೆ ಕುಗ್ಗುವ, ಅಗಲಕ್ಕೆ ಹಿಗ್ಗುವ ಒಲವು. ಬಿರಡೆಯ ಮೇಲಿನ ಒತ್ತಡ ಮತ್ತು ಗೋಡೆಯ ಮೇಲಿನ ಒತ್ತಡ ಒಂದೇ ಆಗಿ ಉಳಿಯುವುದಿಲ್ಲ. ಗೋಡೆಗೆ ಒಳಗಿನಿಂದ ಸಿಗುವ ಆಸರೆ ಬದಲಾದಾಗ ಅದು ಒಳಮಡಚುವ ಹಂತವೂ ಬದಲಾಗುತ್ತದೆ.

(8,8) ವ್ಯಾಸಕ್ಕೆ ಇನ್ನೊಂದು ವಿಶೇಷವಿದೆ. ಕೊಗಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದಂತೆ 1.1ರಿಂದ 1.4 ನ್ಯಾಮೀ ಕೊಳವೆಗಳಲ್ಲಿ, 50ರಿಂದ 500 ಮೆಗಾಪ್ಯಾಸ್ಕಲ್ ಅಕ್ಷೀಯ ಒತ್ತಡದಡಿ ತಣಿಸಿದರೆ, ನೀರು ಚೌಕ, ಪಂಚಕೋನ, ಷಟ್ಕೋನ ಅಡ್ಡಕೊಯ್ತದ ಮಂಜಿನ ಕೊಳವೆಯಾಗಿ ಹೆಪ್ಪುಗಟ್ಟುತ್ತದೆ. ನಾವು ಶೇಕಡಾ 7 ಒತ್ತಿದಾಗ ಬಿರಡೆಗಳ ನಡುವೆ ಹುಟ್ಟುವ ಒತ್ತಡ ಒರಟು ಲೆಕ್ಕದಲ್ಲಿ 100 ಮೆಗಾಪ್ಯಾಸ್ಕಲ್ ಹತ್ತಿರ, ಅಂದರೆ ಅದೇ ವ್ಯಾಪ್ತಿ. ಕ್ಷೇತ್ರವೂ ಸೇರಿ ನೀರು ಕಟ್ಟುನಿಟ್ಟಾಗಿ ಜೋಡಿಕೊಂಡರೆ ನೀವು ಅಳೆಯುತ್ತಿರುವುದು ದ್ರವವನ್ನಲ್ಲ. ಆಮ್ಲಜನಕಗಳ ಅಕ್ಷೀಯ ಸರಾಸರಿ ವರ್ಗ ಸ್ಥಾನಾಂತರ ತೆಗೆಯಿರಿ. ಕಾಲದೊಂದಿಗೆ ಏರುತ್ತಿದ್ದರೆ ದ್ರವ, ಸಮತಟ್ಟಾಗಿ ನಿಂತರೆ ಹೆಪ್ಪು. ಹೆಪ್ಪುಗಟ್ಟಿದ ಓಟ ಮತ್ತು ದ್ರವವಾಗಿ ಉಳಿದ ಓಟ ಎರಡನ್ನೂ ಸೇರಿಸಿ ಸರಾಸರಿ ಮಾಡಿದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಬೇರೆ ಬೇರೆ ವರದಿ ಮಾಡಿ.

ಕ್ಷೇತ್ರ ಅಡ್ಡಕ್ಕಿದ್ದರೆ ಕೊಳವೆಯ ಅಡ್ಡಕೊಯ್ತ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತದೆಯೇ ನೋಡಬೇಕು. ಬಳೆಬಳೆಯಾಗಿ ಎರಡು ವ್ಯಾಸ ಅಳೆದು ಅನುಪಾತ ತೆಗೆಯಿರಿ. ಬಿಗಿತಕ್ಕೆ ‘ಫಿಕ್ಸ್ ಇಂಡೆಂಟ್’ನ ಸಮತಲವನ್ನು ಎರಡು ಬದಿಯಿಂದ, ಗಡಸು 10 ಎಂದು ಕೊಟ್ಟು, ನಿಧಾನ ಒಳಸರಿಸಿ. ಕ್ಷೇತ್ರದ ದಿಕ್ಕಿನಲ್ಲಿ ಒಮ್ಮೆ, ಅದಕ್ಕೆ ಲಂಬವಾಗಿ ಒಮ್ಮೆ ಹಿಸುಕಿ. ಎರಡರ ವ್ಯತ್ಯಾಸವೇ ಇಲ್ಲಿನ ಫಲಿತಾಂಶ.

ಉದ್ದದ 1 ವೋಲ್ಟ್ ಮತ್ತು ಅಡ್ಡದ 1 ವೋಲ್ಟನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಮಾತ್ರ ಬೇಡ. ಉದ್ದನೆಯ ಕಂಬದಲ್ಲಿ ಅಕ್ಷದ ಗುಂಟದ ಕ್ಷೇತ್ರ ಹೆಚ್ಚು ಕುಂದದೆ ಒಳಬರುತ್ತದೆ. ಅಡ್ಡ ಕ್ಷೇತ್ರವನ್ನು ಕಂಬದ ಮೈಮೇಲೆ ಕೂಡುವ ವಿದ್ಯುದಂಶ ತಡೆಯುತ್ತದೆ; ಪಠ್ಯಪುಸ್ತಕದ ಸಿಲಿಂಡರಿಗೆ ಒಳಕ್ಷೇತ್ರ ಹೊರಗಿನದರ 2/(1+ε) ಪಾಲು, ಇಲ್ಲಿ ε ಎಂದರೆ ಒಳಗಿನ ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ. ಹೊರಗಿನ ಕ್ಷೇತ್ರದ ಬದಲು ಸರಾಸರಿ ಕೊಸೈನ್ ಒಂದೇ ಇರುವ ಓಟಗಳನ್ನು ಹೋಲಿಸಿದರೆ ನ್ಯಾಯ.

ಈ ಮಾದರಿಗೆ ಕಾಣದ್ದು

(8,8) ಲೋಹ. n ಮತ್ತು m ಸಮವಿರುವ ಕೊಳವೆಗಳೆಲ್ಲ ಹಾಗೇ. ನಿಜವಾದ ಲೋಹದ ಕೊಳವೆಯಲ್ಲಿ ಎಲೆಕ್ಟ್ರಾನ್‌ಗಳು ಸರಿದು ಹೊರಕ್ಷೇತ್ರವನ್ನು ತಡೆಯುತ್ತವೆ. ಒಳಗಿನ ನೀರಿಗೆ ತಲುಪುವುದು ಬಹಳ ಕಡಿಮೆ. ನಮ್ಮ ವಿದ್ಯುದಂಶವಿಲ್ಲದ ಕಾರ್ಬನ್ನಿಗೆ ಇದು ಗೊತ್ತೇ ಇಲ್ಲ. ವರದಿಯಲ್ಲಿ ‘ನೀರು ಕಂಡ ಕ್ಷೇತ್ರ’ ಎಂದು ಬರೆಯಿರಿ, ‘ಹೊರಗಿನಿಂದ ಹಾಕಿದ ಕ್ಷೇತ್ರ’ ಎಂದಲ್ಲ. ಹೆಚ್ಚುಕಡಿಮೆ ಅದೇ ಅಳತೆಯ ಅರೆವಾಹಕ ಬೇಕಿದ್ದರೆ (14,0) ಇದೆ: ವ್ಯಾಸ 10.96 ಆಂಗ್‌ಸ್ಟ್ರಾಂ, 4.26 ಆಂಗ್‌ಸ್ಟ್ರಾಂನ ಕೋಶಕ್ಕೆ 56 ಕಾರ್ಬನ್, 23 ಕೋಶಕ್ಕೆ 98 ಆಂಗ್‌ಸ್ಟ್ರಾಂ, 1288 ಕಾರ್ಬನ್. ಅದೂ ಕ್ಷೇತ್ರವನ್ನು ಸ್ವಲ್ಪ ತಡೆಯುತ್ತದೆ, ಆದರೆ ಲೋಹದಷ್ಟಲ್ಲ. ಲೋಹದ ತಡೆಯನ್ನೇ ಲೆಕ್ಕಕ್ಕೆ ತರಬೇಕಾದವರಿಗೆ ಲ್ಯಾಂಪ್ಸ್‌ನಲ್ಲಿ ಎಲೆಕ್ಟ್ರೋಡ್ ಎಂಬ ಪ್ಯಾಕೇಜ್ ಇದೆ. ಪ್ರತಿ ಹೆಜ್ಜೆಗೂ ಕಾರ್ಬನ್ನಿನ ವಿದ್ಯುದಂಶ ಹೊಸದಾಗಿ ಬಿಡಿಸಬೇಕಾದ್ದರಿಂದ ಓಟ ನಿಧಾನ.

ಫಲಿತಾಂಶವನ್ನು ಪ್ಯಾಸ್ಕಲ್‌ನಲ್ಲಿ ಬರೆಯುವಾಗ ಗೋಡೆಯ ದಪ್ಪ ಎಷ್ಟು ಹಿಡಿದಿರಿ ಎಂದು ಅದೇ ಸಾಲಿನಲ್ಲಿ ಹೇಳಿ. 1996ರಲ್ಲಿ ಯಾಕೋಬ್ಸನ್ ಮತ್ತು ಸಂಗಡಿಗರು ದಪ್ಪ 0.066 ನ್ಯಾಮೀ ಹಿಡಿದು 5.5 ಟೆರಾಪ್ಯಾಸ್ಕಲ್ ಪಡೆದರು, 0.34 ಹಿಡಿದವರಿಗೆ 1 ಬರುತ್ತದೆ. ದಪ್ಪದಿಂದ ಗುಣಿಸಿ ನೋಡಿದರೆ ಎರಡೂ ಸುಮಾರು 350 ನ್ಯೂಟನ್/ಮೀಟರ್. ಬಕ್ಲಿಂಗ್‌ಗೆ ನೇರವಾಗಿ ನ್ಯಾನೊನ್ಯೂಟನ್‌ನಲ್ಲೇ ಕೊಟ್ಟರೆ ಈ ತಕರಾರೇ ಏಳದು.